ಬೆಕ್ಕಿಗೂ ಬೇಕು ಡಾಕ್ಟರ ಚೀಟಿ: ಬರೆಸುವುದು, ಓದುವುದು, ಹಣ ಕೊಡುವುದು

ನಮ್ಮ ಮಾಮು ಶಿವಮೊಗ್ಗದಲ್ಲಿ ಒಂದು ಚಿಕ್ಕ ಮೆಡಿಕಲ್ ಅಂಗಡಿ ನಡೆಸುತ್ತಾರೆ. ಭಾನುವಾರ ಮತ್ತು ರಜಾದಿನಗಳಲ್ಲಿ ನಾನು ಅಲ್ಲಿ ಬಿಲ್ ಬರೆಯಲು ಕೂರುತ್ತೇನೆ. ಔಷಧಿ ತೆಗೆದುಕೊಡುವುದು ನನ್ನ ಕೆಲಸವಲ್ಲ. ಅದನ್ನು ನೋಂದಾಯಿತ ಫಾರ್ಮಸಿಸ್ಟ್ ಆದ ಮಾಮು ಮಾತ್ರ ಮಾಡುತ್ತಾರೆ. ಆದರೆ ಕೌಂಟರಿನ ಈ ಕಡೆ ಕೂತವರಿಗೆ ಆ ಕಡೆ ನಿಂತವರ ಮಾತೆಲ್ಲ ಕೇಳಿಸುತ್ತದೆ. "ಬೆಕ್ಕಿಗೆ ಜ್ವರ, ಒಂದು ಮಾತ್ರೆ ಕೊಡಿ", "ನಾಯಿ ಕುಂಟುತ್ತಿದೆ, ನೋವಿನ ಮಾತ್ರೆ ಇದ್ದರೆ ಕೊಡಿ" ಎಂದು ಕೇಳಿಕೊಂಡು ಬರುವವರು ಪ್ರತಿ ತಿಂಗಳೂ ಇರುತ್ತಾರೆ. ಚೀಟಿ ಎಲ್ಲಿ ಎಂದು ಮಾಮು ಕೇಳಿದರೆ, "ಬೆಕ್ಕಿಗೆ ಎಂಥ ಚೀಟಿ?" ಎಂಬ ಉತ್ತರ ಬರುತ್ತದೆ.

ಹೀಗೆ ಕೇಳುವವರು ನಿರ್ದಯಿಗಳಲ್ಲ. ಪ್ರಾಣಿಯ ಮೇಲೆ ಪ್ರೀತಿ ಇಲ್ಲದವರು ಅಂಗಡಿಯವರೆಗೂ ಬರುವುದಿಲ್ಲ. ಬಹಳಷ್ಟು ಜನರಿಗೆ ಇರುವುದು ಹಣದ ಭಯ. ಪಶುವೈದ್ಯರ ಬಳಿ ಹೋದರೆ ಎಷ್ಟು ಖರ್ಚಾಗುತ್ತದೋ ಗೊತ್ತಿಲ್ಲ, ಕೇಳಲು ಸಂಕೋಚ, ಆದ್ದರಿಂದ ಮೊದಲು ಒಂದು ಮಾತ್ರೆ ಹಾಕಿ ನೋಡೋಣ ಎಂಬ ಲೆಕ್ಕಾಚಾರ. ನಮ್ಮ ಕಾಲೇಜಿನಲ್ಲೂ ಅನೇಕರ ಮನೆಯಲ್ಲಿ ಬೆಕ್ಕು, ನಾಯಿ, ಪಾರಿವಾಳ, ಆಡು ಇವೆ. ಹಾಗಾಗಿ ಪಶುವೈದ್ಯರ ಔಷಧ ಚೀಟಿ ಎಂದರೇನು, ಅದನ್ನು ಪಡೆಯುವುದು ಹೇಗೆ, ಖರ್ಚನ್ನು ಎಲ್ಲಿ ಕಡಿಮೆ ಮಾಡಬಹುದು, ಎಲ್ಲಿ ಮಾಡಬಾರದು ಎಂಬುದನ್ನು ನಾನು ಕಂಡು, ಕೇಳಿ, ಓದಿ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಮನೆಯ ಮಾತ್ರೆ ಏಕೆ ಬೇಡ?

ಎಲ್ಲರ ಮನೆಯಲ್ಲೂ ಇರುವ ಪ್ಯಾರಾಸಿಟಮಾಲ್‌ನಿಂದಲೇ ಆರಂಭಿಸೋಣ. ನಾವು ಈ ಮಾತ್ರೆ ನುಂಗಿದಾಗ ನಮ್ಮ ಯಕೃತ್ತು ಅದಕ್ಕೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದ ಮೂಲಕ ಹೊರಗೆ ಕಳುಹಿಸುತ್ತದೆ. ಈ ಕೆಲಸಕ್ಕೆ ಬೇಕಾದ ಕಿಣ್ವ ಬೆಕ್ಕಿನ ದೇಹದಲ್ಲಿ ಬಹಳ ಕಡಿಮೆ. ಹೊರಗೆ ಹೋಗದ ಔಷಧಿ ವಿಷಕಾರಿ ವಸ್ತುವಾಗಿ ಬದಲಾಗುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾಗದ ಮೆಥೆಮೋಗ್ಲೋಬಿನ್ ಆಗುತ್ತದೆ. ಬೆಕ್ಕಿನ ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಉಸಿರಾಟ ಕಷ್ಟವಾಗುತ್ತದೆ. 500 ಮಿ.ಗ್ರಾಂ. ಮಾತ್ರೆಯ ಅರ್ಧ ತುಂಡೇ ಒಂದು ಬೆಕ್ಕನ್ನು ಕೊಲ್ಲಲು ಸಾಕು.

ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಮಕ್ಕಳಿಗೆ ತಂದಿಟ್ಟಿದ್ದ ಜ್ವರದ ಮಾತ್ರೆಯನ್ನು ಹಾಲಿನಲ್ಲಿ ಕರಗಿಸಿ ಬೆಕ್ಕಿಗೆ ಕುಡಿಸಿದರು. ಮರುದಿನ ಪಶುವೈದ್ಯರ ಬಳಿ ಒಯ್ಯುವಷ್ಟರಲ್ಲಿ ತಡವಾಗಿತ್ತು. ಇದಕ್ಕೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷ ಇದೆ, ಆದರೆ ಅದನ್ನು ಕೆಲವೇ ಗಂಟೆಗಳೊಳಗೆ ಕೊಡಲು ಆರಂಭಿಸಬೇಕು. ಉಳಿಸಲು ಹೊರಟದ್ದು ಡಾಕ್ಟರ ಫೀಸು, ಕಳೆದುಕೊಂಡದ್ದು ಬೆಕ್ಕು.

ನಾಯಿಗೂ ಇಂಥ ಅಪಾಯಗಳಿವೆ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಸಕ್ಕರೆ ಇಲ್ಲದ ಕೆಲವು ಸಿರಪ್‌ಗಳಲ್ಲಿ ಸಿಹಿಗಾಗಿ ಹಾಕುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಅಪಾಯಕಾರಿಯಾಗಿ ಇಳಿಸುತ್ತದೆ. ಒಂದು ಪ್ರಾಣಿಯ ಔಷಧಿ ಇನ್ನೊಂದು ಪ್ರಾಣಿಗೂ ಆಗುವುದಿಲ್ಲ. ನಾಯಿಯ ಉಣ್ಣೆಗೆಂದು ಬೆನ್ನಿಗೆ ಹಾಕುವ ಪರ್ಮೆಥ್ರಿನ್ ದ್ರಾವಣ ಬೆಕ್ಕಿನ ಮೈಗೆ ತಾಗಿದರೆ ನಡುಕ, ಸೆಳೆತ ಬಂದು ಅದು ಸಾಯಬಹುದು. ಬೆಕ್ಕು ಎಂದರೆ ಚಿಕ್ಕ ನಾಯಿಯಲ್ಲ, ನಾಯಿ ಎಂದರೆ ಚಿಕ್ಕ ಮನುಷ್ಯನಲ್ಲ.

ಹಸುವಿನ ಉದಾಹರಣೆ ಇನ್ನೂ ದೊಡ್ಡದು. ನೋವಿಗೆ ಕೊಡುತ್ತಿದ್ದ ಡಿಕ್ಲೋಫೆನಾಕ್ ಹಸುವಿಗೆ ಹಾನಿ ಮಾಡುತ್ತಿರಲಿಲ್ಲ. ಆದರೆ ಸತ್ತ ಹಸುವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯತೊಡಗಿದವು. 2006ರಲ್ಲಿ ಭಾರತ ಸರ್ಕಾರ ಪ್ರಾಣಿಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸಿತು. ಜನ ಮನುಷ್ಯರ ಇಂಜೆಕ್ಷನ್ ಬಾಟಲಿಯನ್ನೇ ಹಸುವಿಗೆ ಬಳಸುತ್ತಿದ್ದರಿಂದ, 2015ರಲ್ಲಿ ಮನುಷ್ಯರ ಡಿಕ್ಲೋಫೆನಾಕ್ ಇಂಜೆಕ್ಷನ್ನನ್ನು 3 ಮಿ.ಲೀ. ಒಂದು ಡೋಸ್‌ಗೆ ಸೀಮಿತಗೊಳಿಸಲಾಯಿತು. ನಮ್ಮ ರಾಜ್ಯದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಬೇಕಾಗಿ ಬಂತು. ಚೀಟಿ ಇಲ್ಲದೆ ಕೊಟ್ಟ ಔಷಧಿಯ ಪರಿಣಾಮ ಎಲ್ಲೆಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಚೀಟಿ ಬರೆಯುವ ಅಧಿಕಾರ ಯಾರಿಗೆ?

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ, ಪಶುವೈದ್ಯಕೀಯ ಪದವಿ ಪಡೆದು ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಪ್ರಾಣಿಗಳಿಗೆ ಪೂರ್ಣ ಪ್ರಮಾಣದ ಚಿಕಿತ್ಸೆ ಕೊಡಬಹುದು. ನಮ್ಮ ರಾಜ್ಯದಲ್ಲಿ ಈ ನೋಂದಣಿಯನ್ನು ಕರ್ನಾಟಕ ಪಶುವೈದ್ಯಕೀಯ ಪರಿಷತ್ತು ಮಾಡುತ್ತದೆ. ಡಿಪ್ಲೊಮಾ ಅಥವಾ ತರಬೇತಿ ಪಡೆದ ಸಿಬ್ಬಂದಿ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆಗಳನ್ನು ಕೊಡಬಹುದು. ಪೆಟ್ ಅಂಗಡಿಯವರು, ನಾಯಿಗೆ ತರಬೇತಿ ಕೊಡುವವರು, ಮೊಬೈಲಿನಲ್ಲಿ ವಿಡಿಯೊ ಹಾಕುವವರು ಈ ಪಟ್ಟಿಯಲ್ಲಿ ಇಲ್ಲ. ಮೆಡಿಕಲ್ ಅಂಗಡಿಯವರೂ ಇಲ್ಲ.

ಔಷಧಿಗಳ ಕಡೆಯಿಂದ ನೋಡಿದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರಡಿಯ 1945ರ ನಿಯಮಗಳು ಇವೆ. ಮಾತ್ರೆಯ ಪಟ್ಟಿಯ ಮೇಲೆ 'ಆರ್‌ಎಕ್ಸ್' ಎಂಬ ಗುರುತು, ಷೆಡ್ಯೂಲ್ ಎಚ್ ಎಂಬ ಎಚ್ಚರಿಕೆ ಇದ್ದರೆ ಅದನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. 2014ರಿಂದ ಷೆಡ್ಯೂಲ್ ಎಚ್1 ಎಂಬ ಇನ್ನೊಂದು ಪಟ್ಟಿ ಬಂದಿದೆ. ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್, ಟ್ರಮಡಾಲ್‌ನಂಥ ನೋವಿನ ಮಾತ್ರೆ ಅದರಲ್ಲಿವೆ. ಇವನ್ನು ಮಾರಿದಾಗ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿಯ ಪ್ರಮಾಣವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆದ್ದರಿಂದ "ಗುರುತಿನವರಲ್ಲವೇ, ಕೊಡಿ" ಎಂದು ಅಂಗಡಿಯವರನ್ನು ಒತ್ತಾಯಿಸಬೇಡಿ. ಕೊಡದಿರುವುದು ಗರ್ವದಿಂದಲ್ಲ.

ಚೀಟಿಯಲ್ಲಿ ಏನೇನಿರಬೇಕು?

1945ರ ನಿಯಮಗಳಲ್ಲಿ 65ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಚೀಟಿ ಬರವಣಿಗೆಯಲ್ಲಿರಬೇಕು, ವೈದ್ಯರ ಸಹಿ ಮತ್ತು ದಿನಾಂಕ ಇರಬೇಕು. ಔಷಧಿ ಪ್ರಾಣಿಗೆ ಎಂದಾದರೆ ಪ್ರಾಣಿಯ ಮಾಲೀಕರ ಹೆಸರು, ವಿಳಾಸ ಇರಬೇಕು. ಒಟ್ಟು ಎಷ್ಟು ಔಷಧಿ, ಪ್ರತಿ ಬಾರಿ ಎಷ್ಟು ಎಂಬುದು ಇರಬೇಕು. ಅಂದರೆ ಮನೆಯ ಬೆಕ್ಕಿನ ಚೀಟಿಯಲ್ಲಿ ನಿಮ್ಮ ತಂದೆಯ ಅಥವಾ ತಾಯಿಯ ಹೆಸರು ಬರುತ್ತದೆ. ಅದು ತಪ್ಪಲ್ಲ, ನಿಯಮವೇ ಹಾಗೆ.

ಇವಲ್ಲದೆ ಇನ್ನೂ ಮೂರು ವಿಷಯಗಳನ್ನು ಬರೆಸಿಕೊಳ್ಳುವುದು ಒಳ್ಳೆಯದು: ಪ್ರಾಣಿ ಯಾವುದು, ಅದರ ತೂಕ ಎಷ್ಟು, ವೈದ್ಯರ ನೋಂದಣಿ ಸಂಖ್ಯೆ ಏನು. ಇವು ಇದ್ದರೆ ಅಂಗಡಿಯವರಿಗೆ ಡೋಸ್ ಸರಿ ಇದೆಯೇ ಎಂದು ಒಮ್ಮೆ ನೋಡಲು ಸಾಧ್ಯವಾಗುತ್ತದೆ. ಬೆಕ್ಕಿನ ಚೀಟಿಯಲ್ಲಿ "ಬೆಕ್ಕು" ಎಂದು ಬರೆಯದೆ ಮನೆಯವರ ಹೆಸರು ಮಾತ್ರ ಇದ್ದರೆ, ಅಂಗಡಿಯವರು ಅದನ್ನು ಮನುಷ್ಯರದ್ದೆಂದು ತಿಳಿದುಕೊಳ್ಳುವ ಸಾಧ್ಯತೆ ಇದೆ.

ತೂಕದ ಮಹತ್ವ ತಿಳಿಯಲು ಒಂದು ಲೆಕ್ಕ ನೋಡಿ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲದ ಜೋಡಿಯನ್ನು ನಾಯಿ, ಬೆಕ್ಕುಗಳಿಗೆ ಸಾಮಾನ್ಯವಾಗಿ ಒಂದು ಕೆ.ಜಿ. ತೂಕಕ್ಕೆ 12.5 ಮಿ.ಗ್ರಾಂ.ನಂತೆ ಬರೆಯುತ್ತಾರೆ. 4 ಕೆ.ಜಿ. ಬೆಕ್ಕಿಗೆ ಒಂದು ಬಾರಿಗೆ 50 ಮಿ.ಗ್ರಾಂ. ಆಯಿತು. ನಮಗೆ ಕೊಡುವ ಮಾತ್ರೆ 625 ಮಿ.ಗ್ರಾಂ. ಅದನ್ನು ಹನ್ನೆರಡೂವರೆ ಭಾಗ ಮಾಡಬೇಕು! ಬ್ಲೇಡಿನಿಂದ ಯಾರೂ ಅಷ್ಟು ಸರಿಯಾಗಿ ಕತ್ತರಿಸಲಾರರು. ಅದಕ್ಕೇ ವೈದ್ಯರು ಪ್ರಾಣಿಗಳ ಚಿಕ್ಕ ಮಾತ್ರೆಯನ್ನೋ, ಮಕ್ಕಳ ಡ್ರೈ ಸಿರಪ್ಪನ್ನೋ ಬರೆಯುತ್ತಾರೆ. ಈ ಲೆಕ್ಕವನ್ನು ಕೊಟ್ಟದ್ದು ನೀವೇ ಡೋಸ್ ನಿರ್ಧರಿಸಲಿ ಎಂದಲ್ಲ, ಅದು ಕಣ್ಣಂದಾಜಿನ ಕೆಲಸವಲ್ಲ ಎಂದು ತೋರಿಸಲು.

ಮನೆಯಲ್ಲೇ ತೂಕ ನೋಡುವುದು ಸುಲಭ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಂತರ ಒಬ್ಬರೇ ನಿಲ್ಲಿ. 58.2ರಲ್ಲಿ 54 ಕಳೆದರೆ ಬೆಕ್ಕಿನ ತೂಕ 4.2 ಕೆ.ಜಿ. ಫೋನಿನಲ್ಲಿ ಬರೆದಿಟ್ಟುಕೊಂಡರೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬರುತ್ತದೆ.

ಹೆಸರಿಲ್ಲದ ಪೊಟ್ಟಣ

ಅನೇಕ ಖಾಸಗಿ ಪಶು ಚಿಕಿತ್ಸಾಲಯಗಳಲ್ಲಿ ವೈದ್ಯರೇ ಔಷಧಿಯನ್ನೂ ಕೊಡುತ್ತಾರೆ. ಇದು ಕಾನೂನಿಗೆ ವಿರುದ್ಧವಲ್ಲ. ಅಂಗಡಿ ತೆರೆದು ಮಾರದೆ, ತಾವು ನೋಡಿದ ರೋಗಿಗೆ ಮಾತ್ರ ಕೊಡುವ ವೈದ್ಯರಿಗೆ ನಿಯಮಗಳಲ್ಲಿ ವಿನಾಯಿತಿ ಇದೆ. ಆದರೆ ಆ ವಿನಾಯಿತಿಗೂ ಷರತ್ತುಗಳಿವೆ. ಕೊಟ್ಟ ಔಷಧಿಯ ಮೇಲೆ ವೈದ್ಯರ ಹೆಸರು, ವಿಳಾಸ ಮತ್ತು ಡೋಸ್ ಬರೆದಿರಬೇಕು. ಏನು ಕೊಟ್ಟರು ಎಂಬುದು ಅವರ ಪುಸ್ತಕದಲ್ಲಿ ದಾಖಲಾಗಬೇಕು.

ನಮ್ಮ ಮನೆಯ ಬೆಕ್ಕಿಗೆ ಕಳೆದ ವರ್ಷ ಭೇದಿ ಆಗಿತ್ತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಬಿಳಿ ಕಾಗದದ ಪೊಟ್ಟಣದಲ್ಲಿ ಪುಡಿ ಮಾಡಿದ ಮಾತ್ರೆ ಕೊಟ್ಟರು. ಹೆಸರಿಲ್ಲ, ಚೀಟಿ ಇಲ್ಲ, ಬಿಲ್ಲೂ ಇಲ್ಲ. ಎರಡನೇ ದಿನ ಬೆಕ್ಕು ವಾಂತಿ ಮಾಡತೊಡಗಿತು. ಆ ಕ್ಲಿನಿಕ್ ಅಂದು ಮುಚ್ಚಿತ್ತು. ಬೇರೆ ವೈದ್ಯರ ಬಳಿ ಒಯ್ದರೆ ಅವರು ಕೇಳಿದ ಮೊದಲ ಪ್ರಶ್ನೆ, "ಏನು ಕೊಟ್ಟಿದ್ದಾರೆ?" ನಮ್ಮ ಬಳಿ ಉತ್ತರವಿರಲಿಲ್ಲ. ಒಂದೇ ಔಷಧಿ ಎರಡು ಬಾರಿ ಹೋಗಬಾರದೆಂದು ಅವರು ಬಹಳ ಎಚ್ಚರಿಕೆಯಿಂದ ಚಿಕಿತ್ಸೆ ಮಾಡಬೇಕಾಯಿತು. ಬೆಕ್ಕು ಉಳಿಯಿತು, ಆದರೆ ಎರಡು ಫೀಸು ಕೊಟ್ಟಂತಾಯಿತು.

ಆದ್ದರಿಂದ ಔಷಧಿ ಅಲ್ಲೇ ಕೊಟ್ಟರೂ, "ಡಾಕ್ಟ್ರೇ, ಏನು ಕೊಟ್ಟಿದ್ದೀರೆಂದು ಒಂದು ಚೀಟಿಯಲ್ಲಿ ಬರೆದುಕೊಡಿ" ಎಂದು ಕೇಳಿ. ಇಂಜೆಕ್ಷನ್ ಕೊಟ್ಟರೆ ಅದರ ಹೆಸರನ್ನೂ ಬರೆಸಿ. ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ಬಿಲ್ಲನ್ನು ಬಿಡಿಸಿ ನೋಡಿ

"ಒಟ್ಟು ಎಷ್ಟಾಯಿತು?" ಎಂದು ಕೊನೆಯಲ್ಲಿ ಕೇಳುವ ಬದಲು, "ಯಾವುದಕ್ಕೆ ಎಷ್ಟು?" ಎಂದು ಮೊದಲೇ ಕೇಳುವುದು ಲೇಸು. ಪ್ರಾಣಿಯ ಚಿಕಿತ್ಸೆಯ ಖರ್ಚಿನಲ್ಲಿ ನಾಲ್ಕು ಭಾಗಗಳಿರುತ್ತವೆ: ತಪಾಸಣೆ, ಪರೀಕ್ಷೆ, ಅಲ್ಲೇ ಕೊಡುವ ಇಂಜೆಕ್ಷನ್ ಅಥವಾ ಡ್ರಿಪ್, ಮನೆಗೆ ಒಯ್ಯುವ ಔಷಧಿ.

ಲೆಕ್ಕಕ್ಕಾಗಿ ಒಂದು ಬಿಲ್ ಊಹಿಸಿಕೊಳ್ಳೋಣ. ತಪಾಸಣೆ 300, ರಕ್ತ ಪರೀಕ್ಷೆ 600, ಇಂಜೆಕ್ಷನ್ 150, ಔಷಧಿ 450, ಒಟ್ಟು 1500 ರೂಪಾಯಿ. ಇದರಲ್ಲಿ ತಪಾಸಣೆಯ 300 ಉಳಿಸಲು ಹೋಗಬಾರದು, ಉಳಿದೆಲ್ಲ ನಿಂತಿರುವುದು ಅದರ ಮೇಲೆ. ಇಂಜೆಕ್ಷನ್ ಅಂದೇ ಬೇಕಾದದ್ದು. ರಕ್ತ ಪರೀಕ್ಷೆಯ ಬಗ್ಗೆ ಒಂದು ಪ್ರಶ್ನೆ ಕೇಳಬಹುದು: "ಇದರ ಫಲಿತಾಂಶದಿಂದ ಇಂದಿನ ಚಿಕಿತ್ಸೆ ಬದಲಾಗುತ್ತದೆಯೇ, ಎರಡು ದಿನ ನೋಡಿ ಮಾಡಿಸಬಹುದೇ?" ಕೆಲವೊಮ್ಮೆ ಕಾಯಬಹುದು ಎನ್ನುತ್ತಾರೆ, ಕೆಲವೊಮ್ಮೆ ಕಾಯುವಂತಿಲ್ಲ ಎನ್ನುತ್ತಾರೆ. ಕಾಯುವಂತಿಲ್ಲ ಎಂದರೆ ಮಾಡಿಸಲೇಬೇಕು. ಉಳಿದ 450 ರೂಪಾಯಿಯ ಔಷಧಿಯಲ್ಲಿ ನಿಜವಾದ ಉಳಿತಾಯಕ್ಕೆ ಅವಕಾಶವಿದೆ.

ಇನ್ನೊಂದು ವಿಷಯ. ಪಶು ಚಿಕಿತ್ಸಾಲಯದ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಔಷಧಿಗೆ ತೆರಿಗೆ ಇದ್ದರೂ ಅದು ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲೇ ಸೇರಿದೆ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

ಔಷಧಿ ಎಲ್ಲಿ ಕೊಳ್ಳಬೇಕು?

ಪ್ರಾಣಿಗಳಿಗೆಂದೇ ತಯಾರಾದ ಔಷಧಿಯ ಮೇಲೆ 'ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ' ಎಂಬ ಅರ್ಥದ ಬರಹ ಮತ್ತು ಸಾಕುಪ್ರಾಣಿಯ ತಲೆಯ ಚಿತ್ರ ಇರುತ್ತದೆ. ಇವು ಪಶು ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ಆದರೆ ಪ್ರತಿಯೊಂದು ಔಷಧಿಯೂ ಪ್ರಾಣಿಗಳ ಬ್ರಾಂಡಿನಲ್ಲಿ ಸಿಗುವುದಿಲ್ಲ. ಆಗ ವೈದ್ಯರು ಮನುಷ್ಯರ ಔಷಧಿಯನ್ನೇ ಪ್ರಾಣಿಯ ಡೋಸ್‌ನಲ್ಲಿ ಬರೆಯುತ್ತಾರೆ. ಅಂಥ ಚೀಟಿ ತಂದರೆ ಸಾಮಾನ್ಯ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಪಶುವೈದ್ಯರ ಚೀಟಿ ಇದ್ದರೆ ಜನೌಷಧಿ ಕೇಂದ್ರದಲ್ಲೂ ಕೇಳಬಹುದು. ಅಲ್ಲಿನ ಜನರಿಕ್ ಔಷಧಿಗಳು ಬ್ರಾಂಡ್ ಔಷಧಿಗಳಿಗಿಂತ ಶೇಕಡಾ 50ರಿಂದ 80ರಷ್ಟು ಅಗ್ಗ ಎಂದು ಸರ್ಕಾರ ಹೇಳುತ್ತದೆ.

ಒಂದು ಎಚ್ಚರಿಕೆ ಇದೆ. ಚೀಟಿಯಲ್ಲಿ ಒಂದು ಬ್ರಾಂಡ್ ಬರೆದಿದ್ದರೆ, ಷೆಡ್ಯೂಲ್ ಎಚ್ ಔಷಧಿಯಲ್ಲಿ ಅಂಗಡಿಯವರು ತಾವಾಗಿ ಬೇರೆಯದನ್ನು ಬದಲಿಸಿ ಕೊಡುವಂತಿಲ್ಲ. ಆದ್ದರಿಂದ ವೈದ್ಯರ ಮುಂದೆ ಕೂತಾಗಲೇ, "ಇದರಲ್ಲಿ ಕಡಿಮೆ ಬೆಲೆಯದು ಇದೆಯೇ, ಜನರಿಕ್ ಹೆಸರು ಬರೆಯುತ್ತೀರಾ?" ಎಂದು ಕೇಳಿ. ಅಂಗಡಿಗೆ ಬಂದ ಮೇಲೆ ಕೇಳಿದರೆ ಮತ್ತೆ ವೈದ್ಯರಿಗೆ ಫೋನ್ ಮಾಡಬೇಕಾಗುತ್ತದೆ.

ಬೇಕಾದಷ್ಟೇ ಕೊಳ್ಳಿ. ಹತ್ತು ಮಾತ್ರೆಯ ಪಟ್ಟಿಗೆ 80 ರೂಪಾಯಿ ಇದ್ದು ನಿಮಗೆ ಐದೇ ಬೇಕಿದ್ದರೆ 40 ರೂಪಾಯಿ ಕೊಟ್ಟರೆ ಸಾಕು. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರು, ಮುಗಿಯುವ ದಿನಾಂಕ ಉಳಿಯದಿದ್ದರೆ ಅಂಗಡಿಯವರಿಂದಲೇ ಪೊಟ್ಟಣದ ಮೇಲೆ ಬರೆಸಿಕೊಳ್ಳಿ. ಬಿಲ್ ತಪ್ಪದೆ ಕೇಳಿ. ನಾನೇ ಬಿಲ್ ಬರೆಯುವವನಾಗಿ ಹೇಳುತ್ತೇನೆ, ಬಿಲ್ ಕೇಳುವ ಗಿರಾಕಿಯನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಉಳಿದ ಔಷಧಿಯನ್ನು ಮುಂದಿನ ಬಾರಿಗೆ ಎಂದು ಎತ್ತಿಡುವುದು ಉಳಿತಾಯವಲ್ಲ. ನೀರು ಬೆರೆಸಿದ ಆಂಟಿಬಯೋಟಿಕ್ ಡ್ರೈ ಸಿರಪ್ ಫ್ರಿಜ್ಜಿನಲ್ಲಿಟ್ಟರೂ ಸಾಮಾನ್ಯವಾಗಿ ಒಂದು ವಾರವಷ್ಟೇ ಸರಿಯಾಗಿರುತ್ತದೆ. ಅರ್ಧ ಕೋರ್ಸ್ ಮಾಡಿ ನಿಲ್ಲಿಸಿದ ಆಂಟಿಬಯೋಟಿಕ್‌ನಿಂದ ರೋಗ ಮರುಕಳಿಸಿದರೆ ಮತ್ತೆ ಹೊಸ ಫೀಸು, ಹೊಸ ಔಷಧಿ.

ಸರ್ಕಾರಿ ಪಶು ಆಸ್ಪತ್ರೆಯನ್ನು ಮರೆಯಬೇಡಿ

ಸರ್ಕಾರಿ ಪಶು ಆಸ್ಪತ್ರೆ ಹಸು, ಎಮ್ಮೆಗಳಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಸ್ಪತ್ರೆಗಳಲ್ಲಿ ನಾಯಿ, ಬೆಕ್ಕುಗಳನ್ನೂ ನೋಡುತ್ತಾರೆ. ಶುಲ್ಕ ಅತಿ ಕಡಿಮೆ, ದಾಸ್ತಾನಿನಲ್ಲಿರುವ ಔಷಧಿಯನ್ನು ಅಲ್ಲಿಂದಲೇ ಕೊಡುತ್ತಾರೆ, ಇಲ್ಲದ್ದನ್ನು ಚೀಟಿಯಲ್ಲಿ ಬರೆಯುತ್ತಾರೆ. ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಬೆಕ್ಕನ್ನು ಕೈಯಲ್ಲಿ ಹಿಡಿದು ಹೋಗದೆ ಬುಟ್ಟಿಯಲ್ಲೋ, ಗಾಳಿಯಾಡುವ ಚೀಲದಲ್ಲೋ ಒಯ್ಯಿರಿ. ಅಲ್ಲಿ ನಾಯಿಗಳೂ ಇರುತ್ತವೆ.

ಒಬ್ಬ ಹಿರಿಯ ಮಹಿಳೆ ನಮ್ಮ ಅಂಗಡಿಗೆ ಬೆಕ್ಕಿನ ಗಾಯಕ್ಕೆ ಮಾತ್ರೆ ಕೇಳಿಕೊಂಡು ಬಂದಿದ್ದರು. ಮಾಮು ಮಾತ್ರೆ ಕೊಡದೆ, ಸರ್ಕಾರಿ ಪಶು ಆಸ್ಪತ್ರೆಗೆ ಹೋಗುವ ದಾರಿ ಹೇಳಿ ಕಳುಹಿಸಿದರು. ಮೊದಲು ಅವರಿಗೆ ಸ್ವಲ್ಪ ಬೇಸರವಾಯಿತು. ಮಾರನೆಯ ದಿನ ಚೀಟಿ ಹಿಡಿದುಕೊಂಡು ಬಂದರು. ಗಾಯ ತೊಳೆದು ಇಂಜೆಕ್ಷನ್ ಅಲ್ಲೇ ಕೊಟ್ಟಿದ್ದರಂತೆ. ಹೊರಗೆ ಕೊಳ್ಳಬೇಕಾದದ್ದು ಒಂದು ಸಿರಪ್ ಮಾತ್ರ. ಆ ಬಿಲ್ಲನ್ನು ಬರೆದದ್ದು ನಾನೇ, ಅದು ನೂರು ರೂಪಾಯಿಯನ್ನೂ ಮುಟ್ಟಲಿಲ್ಲ.

ನಮ್ಮ ಊರಿನವರಿಗೆ ಇನ್ನೊಂದು ಅನುಕೂಲವಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದ ವಿನೋಬನಗರದಲ್ಲಿದೆ. ಇಂಥ ಕಾಲೇಜುಗಳ ಬೋಧನಾ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಎದುರಿನಲ್ಲೇ ಪ್ರಾಣಿಗಳನ್ನು ಪರೀಕ್ಷಿಸುತ್ತಾರೆ. ಸಮಯ ಸ್ವಲ್ಪ ಹೆಚ್ಚು ಹಿಡಿಯಬಹುದು, ಆದರೆ ಕಠಿಣ ಕಾಯಿಲೆಗೆ ಒಳ್ಳೆಯ ಜಾಗ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನಗಳಲ್ಲೂ ಇಂಥ ಕಾಲೇಜುಗಳಿವೆ. ಹಳ್ಳಿಯಿಂದ ಬರುವ ಗೆಳೆಯರು 1962 ಎಂಬ ಉಚಿತ ಸಂಖ್ಯೆಯನ್ನು ಮನೆಯವರಿಗೆ ತಿಳಿಸಿ. ಅದಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಸಿಗುತ್ತದೆ. ಮುಖ್ಯವಾಗಿ ಜಾನುವಾರುಗಳಿಗಾಗಿ, ಕಡಿಮೆ ಬೆಲೆಯ ಜನರಿಕ್ ಔಷಧಿ ಒದಗಿಸುವ 'ಪಶು ಔಷಧಿ' ಯೋಜನೆಗೂ ಕೇಂದ್ರ ಸಚಿವ ಸಂಪುಟ 2025ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟು 75 ಕೋಟಿ ರೂಪಾಯಿ ತೆಗೆದಿಟ್ಟಿದೆ.

ದೀರ್ಘಕಾಲದ ಔಷಧಿ

ಮೂರ್ಛೆ ರೋಗ, ಹೃದಯದ ತೊಂದರೆ, ಚರ್ಮದ ಅಲರ್ಜಿ ಇರುವ ಪ್ರಾಣಿಗಳಿಗೆ ತಿಂಗಳುಗಟ್ಟಲೆ ಔಷಧಿ ಬೇಕು. ನಿಯಮದ ಪ್ರಕಾರ ಒಂದು ಚೀಟಿಗೆ ಒಂದೇ ಬಾರಿ ಔಷಧಿ ಕೊಡಬೇಕು. ಆದರೆ ಎಷ್ಟು ಬಾರಿ, ಎಷ್ಟು ದಿನಕ್ಕೊಮ್ಮೆ ಕೊಡಬಹುದು ಎಂದು ವೈದ್ಯರೇ ಚೀಟಿಯಲ್ಲಿ ಬರೆದಿದ್ದರೆ ಅದರಂತೆ ಮತ್ತೆ ಕೊಡಬಹುದು. ಆದ್ದರಿಂದ "ಮೂರು ತಿಂಗಳು, ತಿಂಗಳಿಗೊಮ್ಮೆ" ಎಂಬಂತೆ ಬರೆಸಿಕೊಂಡರೆ ಪ್ರತಿ ತಿಂಗಳ ಓಡಾಟ ಮತ್ತು ಫೀಸು ಉಳಿಯುತ್ತದೆ. ವೈದ್ಯರು ಒಪ್ಪದೆ ನಡುವೆ ಪ್ರಾಣಿಯನ್ನು ತರಲು ಹೇಳಿದರೆ ಅದಕ್ಕೂ ಕಾರಣವಿರುತ್ತದೆ. ತೂಕ ಬದಲಾಗಿರಬಹುದು, ಯಕೃತ್ತು, ಮೂತ್ರಪಿಂಡ ಹೇಗಿವೆ ಎಂದು ನೋಡಬೇಕಿರಬಹುದು. ಮೂರ್ಛೆಯ ಮಾತ್ರೆಯನ್ನಂತೂ ಹಣವಿಲ್ಲವೆಂದು ಒಮ್ಮೆಲೇ ನಿಲ್ಲಿಸಬಾರದು. ಸೆಳೆತ ಹೆಚ್ಚಾಗಿ ಬರುತ್ತದೆ. ಮುಗಿಯುವ ಒಂದು ವಾರ ಮೊದಲೇ ಹೊಸದಕ್ಕೆ ವ್ಯವಸ್ಥೆ ಮಾಡಿ.

ಬಕ್ರೀದ್ ಆಡಿನ ವಿಷಯ

ಬಕ್ರೀದ್‌ಗೆ ತಿಂಗಳು, ಎರಡು ತಿಂಗಳು ಮೊದಲೇ ಆಡು ತಂದು ಸಾಕುವ ಮನೆಗಳು ನಮ್ಮಲ್ಲಿ ಬಹಳ. ಮಕ್ಕಳಿಗೆ ಅದು ಸಾಕುಪ್ರಾಣಿಯೇ. ಆ ನಡುವೆ ಆಡಿಗೆ ಕೆಮ್ಮು, ಭೇದಿ ಬಂದರೆ ಔಷಧಿ ಕೊಡಿಸುತ್ತಾರೆ. ಇಲ್ಲಿ ಚೀಟಿಯಲ್ಲಿ ಇನ್ನೊಂದು ವಿಷಯ ನೋಡಬೇಕು. ಕೊನೆಯ ಡೋಸ್ ಕೊಟ್ಟ ಮೇಲೆ ಔಷಧಿಯ ಅಂಶ ಮಾಂಸದಿಂದ ಇಳಿಯಲು ಇಷ್ಟು ದಿನ ಬೇಕು ಎಂಬ ಅವಧಿ ಇರುತ್ತದೆ. ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಔಷಧಿಯ ಲೇಬಲ್ ಮೇಲೆ ಅದನ್ನು ಮುದ್ರಿಸಬೇಕು. ಆ ಔಷಧಿಗೆ ಅವಧಿ ನಿರ್ದಿಷ್ಟವಾಗಿ ಸಾಬೀತಾಗಿಲ್ಲದಿದ್ದರೆ ಮಾಂಸಕ್ಕೆ ಕನಿಷ್ಠ 28 ದಿನ, ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ ಎಂದು ನಿಯಮ ಹೇಳುತ್ತದೆ. ಆದ್ದರಿಂದ ಹಬ್ಬ ಯಾವ ದಿನ ಎಂದು ವೈದ್ಯರಿಗೆ ಮೊದಲೇ ತಿಳಿಸಿ. ಅದಕ್ಕೆ ತಕ್ಕ ಔಷಧಿಯನ್ನು ಅವರು ಆರಿಸುತ್ತಾರೆ. ಚೀಟಿ ಇಲ್ಲದೆ ಯಾರೋ ಹೇಳಿದ ಇಂಜೆಕ್ಷನ್ ಹಾಕಿಸಿದರೆ ಈ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಆ ಮಾಂಸವನ್ನು ನೆಂಟರಿಗೆ, ಬಡವರಿಗೆ ಹಂಚುತ್ತೇವೆ ಎಂಬುದನ್ನೂ ನೆನಪಿಡಬೇಕು.

ವೈದ್ಯರ ಕೋಣೆಯಿಂದ ಹೊರಡುವ ಮುನ್ನ ಕೇಳಬೇಕಾದ ಆರು ಪ್ರಶ್ನೆಗಳು

1. ಕಾಯಿಲೆ ಏನಿರಬಹುದು, ಈ ಔಷಧಿ ಯಾವುದಕ್ಕೆ?
2. ಒಮ್ಮೆಗೆ ಎಷ್ಟು, ದಿನಕ್ಕೆ ಎಷ್ಟು ಬಾರಿ, ಎಷ್ಟು ದಿನ?
3. ಊಟಕ್ಕೆ ಮೊದಲೋ ನಂತರವೋ? ಬರಿ ಮಾತ್ರೆ ನುಂಗಿಸಬಹುದೇ? (ಡಾಕ್ಸಿಸೈಕ್ಲಿನ್ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುತ್ತದೆ. ಅದರ ಹಿಂದೆಯೇ ನೀರು ಅಥವಾ ಆಹಾರ ಕೊಡಬೇಕು.)
4. ಯಾವ ಲಕ್ಷಣ ಕಂಡರೆ ಔಷಧಿ ನಿಲ್ಲಿಸಿ ಕೂಡಲೇ ಬರಬೇಕು?
5. ಇದನ್ನು ಹೊರಗೆ ಕೊಳ್ಳಬಹುದೇ, ಕಡಿಮೆ ಬೆಲೆಯದು ಇದೆಯೇ?
6. ಮತ್ತೆ ತೋರಿಸಬೇಕೇ, ಅದಕ್ಕೆ ಫೀಸು ಇದೆಯೇ?

ಈ ಆರು ಪ್ರಶ್ನೆಗಳಿಗೂ ಮೊದಲು ಹೇಳಬೇಕಾದ ಒಂದು ಮಾತಿದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಅದನ್ನು ಆರಂಭದಲ್ಲೇ ಹೇಳಿಬಿಡಿ. "ಡಾಕ್ಟ್ರೇ, ಇಂದು ನನ್ನ ಬಳಿ ಇಷ್ಟೇ ಇದೆ, ಇದರಲ್ಲಿ ಅತ್ಯಗತ್ಯ ಯಾವುದೋ ಅದನ್ನು ಮಾಡಿ" ಎನ್ನುವುದರಲ್ಲಿ ಅವಮಾನವೇನೂ ಇಲ್ಲ. ಹಾಗೆ ಹೇಳಿದಾಗ ವೈದ್ಯರು ಐದು ಔಷಧಿಗಳಲ್ಲಿ ಬಿಡಲಾಗದ ಎರಡನ್ನು ಗುರುತು ಮಾಡಿ ಕೊಡಬಲ್ಲರು. ಹೇಳದೆ ಬಂದು, ಅಂಗಡಿಯಲ್ಲಿ ನಿಂತು ನಾವೇ ಐದರಲ್ಲಿ ಎರಡನ್ನು ಆರಿಸಿದರೆ ಬಿಟ್ಟುಹೋಗುವುದು ಮುಖ್ಯವಾದದ್ದೇ ಆಗಿರಬಹುದು. ವಿಟಮಿನ್ ಸಿರಪ್ ಕೊಂಡು ಆಂಟಿಬಯೋಟಿಕ್ ಬಿಟ್ಟು ಹೋದವರನ್ನು ನಾನು ಕೌಂಟರಿನಿಂದ ನೋಡಿದ್ದೇನೆ.

ಪ್ರಾಣಿಗೆ ತನ್ನ ನೋವು ಎಲ್ಲಿ ಎಂದು ಹೇಳಲು ಬಾಯಿಲ್ಲ, ಯಾವ ಮಾತ್ರೆ ಬೇಡ ಎನ್ನಲೂ ಬಾಯಿಲ್ಲ. ಬುಟ್ಟಿಯಲ್ಲಿ ಅದನ್ನು ಹೊತ್ತುಕೊಂಡು ಹೋದವರೇ ಅದರ ಪರವಾಗಿ ಕೇಳಬೇಕು, ಬರೆಸಿಕೊಳ್ಳಬೇಕು. ಗೆಳೆಯರೇ, ಮನೆಯಲ್ಲಿ ಓದು ಬಲ್ಲವರು ನೀವಾಗಿದ್ದರೆ ಆ ಚೀಟಿಯನ್ನು ಓದಿ ಹೇಳುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಪ್ರಾಣಿಯ ತೂಕ, ಲಸಿಕೆ ಹಾಕಿಸಿದ ದಿನ, ಆಗದ ಔಷಧಿಯ ಹೆಸರು, ಹತ್ತಿರದ ಪಶು ಆಸ್ಪತ್ರೆಯ ಸಮಯ ಬರೆದು, ಬಂದ ಚೀಟಿಗಳನ್ನೆಲ್ಲ ಅದರಲ್ಲೇ ಅಂಟಿಸಿಡಿ. ಹತ್ತು ನಿಮಿಷದ ಕೆಲಸ, ಈ ವಾರವೇ ಮಾಡಬಹುದು.